ಅಬ್ಬಿ ಪೈಪಿನ ಲೆಕ್ಕದಲ್ಲಿ ಗಾಡಿಮನೆಯ ಕೂಲೆಂಟ್: ಹಳೆಯದನ್ನು ಇಳಿಸಿ ಗಾಳಿ ಬಿಡಿಸುವ ಕ್ರಮ

ಬೆಟ್ಟದ ಅಬ್ಬಿಯಿಂದ, ಅಂದರೆ ಮೇಲಿನಿಂದ ಧುಮುಕುವ ನೀರಿನ ಧಾರೆಯಿಂದ, ಮನೆಗೆ ಕರಿಪೈಪಿನಲ್ಲಿ ನೀರು ತರುವ ಶಿರಸಿ, ಸಿದ್ದಾಪುರ ಕಡೆಯವರಿಗೆ ಈ ಲೇಖನದ ಅರ್ಧ ಭಾಗ ಓದದೆಯೇ ಗೊತ್ತು. ಮೇಲೆ ಅಬ್ಬಿ ತುಂಬಿ ಹರಿಯುತ್ತಿರುತ್ತದೆ, ಕೆಳಗೆ ಬಚ್ಚಲ ನಲ್ಲಿ ಒಣಗಿರುತ್ತದೆ. ಪೈಪು ಎಲ್ಲಿಯೂ ಒಡೆದಿಲ್ಲ, ಒಳಗೆ ಎಲೆ ಸಿಕ್ಕಿಕೊಂಡಿಲ್ಲ. "ಗಾಳಿ ಹಿಡಿದಿದೆ" ಎಂದು ಹೇಳಿ ಮನೆಯ ಹಿರಿಯರೊಬ್ಬರು ಕತ್ತಿ ಹಿಡಿದು ಹೊರಡುತ್ತಾರೆ. ಪೈಪು ದಿಬ್ಬ ಹತ್ತಿ ಇಳಿಯುವ ಜಾಗ ಹುಡುಕಿ, ಅಲ್ಲಿಯ ಜೋಡಣೆಯನ್ನು ಸ್ವಲ್ಪ ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಟು, ಅದರ ಬೆನ್ನಿಗೇ ನೀರು ಚಿಮ್ಮುತ್ತದೆ. ಇದರಲ್ಲಿ ಎರಡು ಲೆಕ್ಕಗಳಿವೆ. ಗಾಳಿ ಕೂರುವುದು ದಿಬ್ಬದ ನೆತ್ತಿಯಲ್ಲಿ. ಅದನ್ನು ಹೊರದಬ್ಬಬೇಕಾದರೆ ಅಬ್ಬಿ ಆ ದಿಬ್ಬಕ್ಕಿಂತ ಮೇಲಿರಬೇಕು.

ಗಾಡಿಯ ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಬದಲಿಸುವುದರಲ್ಲಿ ಇರುವುದೂ ಇವೇ ಎರಡು ಲೆಕ್ಕಗಳು. ಹಳೆಯದನ್ನು ಇಳಿಸಿ ಹೊಸದನ್ನು ಹೊಯ್ಯಲು ಒಂದೆರಡು ತಾಸು ಸಾಕು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಬಿಡಿಸಲು ಎರಡು ದಿನ ಬೇಕು. ಗ್ಯಾರೇಜಿನಲ್ಲಿ ಆ ಎರಡು ದಿನದ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದ್ದರಿಂದ ಇದನ್ನು ಮನೆಯಂಗಳದಲ್ಲಿ ನಾವೇ ಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನನ್ನದು ಹಳೆಯ ಡೀಸೆಲ್ ಟ್ರಾವೆಲರ್ ವ್ಯಾನ್. ಸೀಟುಗಳನ್ನು ಕಿತ್ತು ಎರಡು ಮಂಚ, ಒಂದು ಅಡುಗೆ ಕಟ್ಟೆ, ಒಂದು ನೀರಿನ ಟಾಕಿ ಕೂರಿಸಿ ಮನೆ ಮಾಡಿಕೊಂಡದ್ದು. ಹಿಂದಿನ ಮಂಚದ ಕೆಳಗೆ ಒಂದು ಹೀಟರ್ ಕೂಡ ಇದೆ. ಕಾರವಾರದಲ್ಲಿ ಗಾಡಿಗೆ ಹೀಟರ್ ಎಂದರೆ ನಗದವರಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಆಕಾಶವೇ ಹೀಟರ್. ಆದರೆ ಜನವರಿಯಲ್ಲಿ ಜೋಯಿಡಾದ ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ, ಹಿಮಾಚಲದ ಕಡೆ ಹೋದವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಈ ಹೀಟರಿಗೆ ಬೇರೆ ಒಲೆ ಇಲ್ಲ. ಎಂಜಿನ್ನಿನಲ್ಲಿ ಕಾದ ಕೂಲೆಂಟೇ ಎರಡು ರಬ್ಬರ್ ಹೋಸುಗಳಲ್ಲಿ ಗಾಡಿಯ ಅಡಿಯಿಂದ ಹಿಂದಕ್ಕೆ ಹರಿದು, ಚಿಕ್ಕ ರೇಡಿಯೇಟರಿನಂಥ (ರೇಡಿಯೇಟರ್ ಎಂದರೆ ಕೂಲೆಂಟಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿ ಪೆಟ್ಟಿಗೆ) ಪೆಟ್ಟಿಗೆಯೊಂದನ್ನು ಸುತ್ತಿ, ಮರಳಿ ಮುಂದಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನ ಒಳಗೂ ಅಂಥದ್ದೇ ಇನ್ನೊಂದು ಪೆಟ್ಟಿಗೆ ಇದೆ. ಬೊಲೆರೊ, ಜೀಪು, ಕಾರು ಯಾವುದಾದರೂ ಮುಂದಿನ ಹೀಟರ್ ಸಾಮಾನ್ಯವಾಗಿ ಇರುತ್ತದೆ. ಹಿಂದಿನದು ನನ್ನಂಥ ಹುಚ್ಚರಿಗೆ ಮಾತ್ರ. ಅದಿಲ್ಲದವರು ಕೆಳಗೆ ಬರುವ ಅದರ ಭಾಗವನ್ನು ಬಿಟ್ಟು ಓದಬಹುದು.

ನೀರೇ ಸಾಕಲ್ಲವೇ?

ಕರಾವಳಿಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಇಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ, ಹಾಗಿದ್ದಮೇಲೆ ದುಡ್ಡು ಕೊಟ್ಟು ಹಸಿರು ನೀರು ಏಕೆ? ಕಾರಣ ಇದೆ. ಕೂಲೆಂಟಿನ ಮುಖ್ಯ ದ್ರವ ಎಥಿಲೀನ್ ಗ್ಲೈಕಾಲ್. ಅದನ್ನು ಸಮಪಾಲು ನೀರಿನೊಂದಿಗೆ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ನಮಗೆ ಬೇಕಾದ ಗುಣ ಅದಲ್ಲ. ಅದೇ ಮಿಶ್ರಣ ತೆರೆದ ಪಾತ್ರೆಯಲ್ಲಿ ಕುದಿಯುವುದು ಸುಮಾರು 107 ಡಿಗ್ರಿಗೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗ್ ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ 125 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಈ ಮುಚ್ಚಳ ಮಾಡುತ್ತದೆ. ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅದರ ರಬ್ಬರ್ ಒಣಗಿ ಸೀಳಿದ್ದರೆ ಎಷ್ಟು ಒಳ್ಳೆಯ ಕೂಲೆಂಟ್ ಹಾಕಿದರೂ ಘಟ್ಟದಲ್ಲಿ ಕುದಿಯುತ್ತದೆ. ಕೂಲೆಂಟ್ ಬದಲಿಸುವಾಗ ಮುಚ್ಚಳವನ್ನೂ ಬದಲಿಸಿ. ಅದಕ್ಕೆ ಹೆಚ್ಚು ಖರ್ಚಿಲ್ಲ.

ಎರಡನೆಯ ಕಾರಣ ತುಕ್ಕು. ಎಂಜಿನ್ ಮತ್ತು ರೇಡಿಯೇಟರಿನ ಒಳಗೆ ಎರಕದ ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ಬೆಸುಗೆಯ ಸೀಸ ಎಲ್ಲವೂ ಒಂದೇ ದ್ರವದಲ್ಲಿ ನೆನೆಯುತ್ತಿರುತ್ತವೆ. ಅವು ಒಂದನ್ನೊಂದು ತಿನ್ನದಂತೆ ತಡೆಯುವ ರಾಸಾಯನಿಕಗಳು ಕೂಲೆಂಟಿನಲ್ಲಿ ಇರುತ್ತವೆ. ವರ್ಷಗಳು ಕಳೆದಂತೆ ಸವೆದುಹೋಗುವುದು ಇವೇ. ಗ್ಲೈಕಾಲ್ ಬಹುಕಾಲ ಉಳಿಯುತ್ತದೆ. ಹಳೆಯ ಬಗೆಯ ಕೂಲೆಂಟಿಗೆ ಸಾಮಾನ್ಯವಾಗಿ 2 ವರ್ಷ ಆಯುಷ್ಯ, ಸಾವಯವ ಆಮ್ಲದ ಹೊಸ ಬಗೆಗೆ 5 ವರ್ಷ. ಬಣ್ಣ ನೋಡಿ ಬಗೆಯನ್ನು ನಿರ್ಧರಿಸಬೇಡಿ. ಹಸಿರು, ಕೆಂಪು, ನೀಲಿ, ಗುಲಾಬಿ ಎನ್ನುವುದಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವೇ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಎಂದು ಬರೆದಿದೆಯೋ ಅದನ್ನೇ ತನ್ನಿ. ಡಬ್ಬಿಯ ಮೇಲೆ ಭಾರತೀಯ ಮಾನಕ ಐಎಸ್ 5759 ಎಂದಿದೆಯೇ ನೋಡಿ. ಎರಡು ಬಗೆಗಳನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕೆಡುತ್ತದೆ. ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗಿ ಹೀಟರಿನ ಸಣ್ಣ ಕೊಳವೆಗಳಲ್ಲಿ ಕೂತುಬಿಡುವುದೂ ಉಂಟು.

ಇನ್ನು ಬೆರೆಸುವ ನೀರು. ಕಾರವಾರ, ಅಂಕೋಲಾ, ಕುಮಟಾದ ಸಮುದ್ರ ಬದಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಚಿರೆಕಲ್ಲಿನ ನೆಲದ ಎಷ್ಟೋ ಬಾವಿಗಳ ನೀರು ಬಟ್ಟೆಗೆ ಕೆಂಪು ಹಿಡಿಸುವುದನ್ನು ನೋಡಿಯೇ ಇದ್ದೇವೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಮ್ಮಿಗೆ ಪಕ್ಕಾ ವೈರಿ. ಹಾಗಾದರೆ ಮಳೆನೀರು ಶುದ್ಧವಲ್ಲವೇ, ನಮ್ಮಲ್ಲಿ ಅದಕ್ಕೇನು ಬರ ಎಂದು ಸ್ನೇಹಿತರೊಬ್ಬರು ಕೇಳಿದರು. ಕಡಲ ಗಾಳಿಯಲ್ಲಿ ಹಾರುವ ಉಪ್ಪು ಕರಾವಳಿಯ ಮಳೆಯಲ್ಲೂ ಇರುತ್ತದೆ, ಹಂಚಿನ ಮೇಲಿನ ಪಾಚಿ ಮತ್ತು ಹಕ್ಕಿಯ ಹಿಕ್ಕೆ ಬೇರೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನ 5 ಲೀಟರ್ ಕ್ಯಾನುಗಳನ್ನು ತಂದುಬಿಡಿ. ಇಲ್ಲಿ ಜಿಪುಣತನ ಬೇಡ.

ಎಲ್ಲಿ, ಯಾವಾಗ, ಯಾವುದರಿಂದ

ಮಳೆ ನಿಂತು ಅಂಗಳ ಒಣಗಿದ ಮೇಲೆ, ದೀಪಾವಳಿಯ ಆಸುಪಾಸು ಸರಿಯಾದ ಕಾಲ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಅಂದರೆ ರಾತ್ರಿಯಿಡೀ ನಿಂತಿರಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದು ಮುಖ, ಎದೆ ಸುಟ್ಟುಕೊಂಡವರು ಘಟ್ಟದ ರಸ್ತೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಸಿಗುತ್ತಾರೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಇಳಿಯುತ್ತದೆ. ಅಷ್ಟರವರೆಗೆ ಸುಮ್ಮನಿದ್ದ ದ್ರವ ಒಮ್ಮೆಲೇ ಕುದಿದು ಹಾರುತ್ತದೆ. ಒದ್ದೆ ಬಟ್ಟೆ ಹಾಕಿ ತೆಗೆಯುವ ಸಾಹಸವೂ ಬೇಡ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಕೂಲೆಂಟಿನ ಮೂಲದ್ರವ (ನೀರು ಬೆರೆಸದೆ ಮಾರುವಂಥದ್ದು), ಡಿಸ್ಟಿಲ್ಡ್ ವಾಟರ್, ಹೊಸ ಮುಚ್ಚಳ, ಅಗಲ ಬಾಯಿಯ ಟಬ್ಬು, ಅಳತೆಯ ಗುರುತಿರುವ ಬಕೆಟು, ಇಕ್ಕಳ, ಸ್ಕ್ರೂಡ್ರೈವರ್, ಕೈಗವಸು, ಚಕ್ರಕ್ಕೆ ಕೊಡಲು ನಾಲ್ಕು ಚಿರೆಕಲ್ಲು. ಹೋಸಿನ ಕ್ಲಿಪ್ಪುಗಳನ್ನು ಈಗಲೇ ಪರೀಕ್ಷಿಸಿ. ಕಡಲ ಗಾಳಿಗೆ ಮಾಮೂಲು ಕ್ಲಿಪ್ಪು ಎರಡು ಮಳೆಗಾಲಕ್ಕೇ ಪುಡಿಯಾಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕಿಕೊಳ್ಳಿ. ಹೋಸನ್ನು ಬೆರಳಿನಿಂದ ಒತ್ತಿದಾಗ ಬಿರುಕು ಕಂಡರೆ ಅಥವಾ ಹಲಸಿನ ಹಣ್ಣಿನಂತೆ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಜಾರು. ಗಾಡಿಯ ಮೂತಿ ಮೇಲಕ್ಕೆ ಇರುವಂತೆ ನಿಲ್ಲಿಸಬಹುದಾದ ಜಾಗ ಗೊತ್ತುಮಾಡಿಟ್ಟುಕೊಳ್ಳಿ. ಉತ್ತರ ಕನ್ನಡದಲ್ಲಿ ಸಮತಟ್ಟಾದ ಜಾಗ ಹುಡುಕುವುದು ಕಷ್ಟವೇ ಹೊರತು ಇಳಿಜಾರು ಹುಡುಕುವುದಲ್ಲ.

ಇಳಿಸುವುದು ಮತ್ತು ತೊಳೆಯುವುದು

ಗಾಡಿ ಸಮನೆಲದಲ್ಲಿ ಇರಲಿ. ಹೀಟರಿನ ಕಡ್ಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ. ಇಲ್ಲವಾದರೆ ಅದರ ಕವಾಟ ಮುಚ್ಚಿಕೊಂಡು, ಹೀಟರಿನ ಹೊಟ್ಟೆಯ ಕೊಳಕು ಅಲ್ಲಿಯೇ ಉಳಿಯುತ್ತದೆ. ರೇಡಿಯೇಟರಿನ ಮುಚ್ಚಳ ತೆಗೆದು, ಬುಡದಲ್ಲಿರುವ ತಿರುಪನ್ನು ಬಿಚ್ಚಿ, ಟಬ್ಬಿಗೆ ಇಳಿಸಿ. ಎಂಜಿನ್ ಬ್ಲಾಕಿನಲ್ಲೂ, ಅಂದರೆ ಎಂಜಿನ್ನಿನ ಎರಕದ ಒಡಲಿನಲ್ಲೂ, ಒಂದು ತಿರುಪು ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಅಲುಗಾಡದಿದ್ದರೆ ಬಲವಂತ ಬೇಡ, ಮುರಿದರೆ ಅದೇ ದೊಡ್ಡ ಕೆಲಸವಾಗುತ್ತದೆ. ಹಿಂದಿನ ಹೀಟರ್ ಇದ್ದರೆ ಗಾಡಿಯ ಅಡಿಯಲ್ಲಿ ಅದರ ಹೋಸು ಅತಿ ತಗ್ಗಿನಲ್ಲಿ ಇರುವ ಜೋಡಣೆಯನ್ನೂ ಬಿಚ್ಚಿ.

ಇಳಿದದ್ದನ್ನು ಅಳೆದು ಗೋಡೆಯ ಮೇಲೆ ಬರೆದಿಡಿ. ಈ ಒಂದು ಅಂಕಿಯನ್ನು ಯಾರೂ ಬರೆಯುವುದಿಲ್ಲ, ಮುಂದಿನ ಗೋಳೆಲ್ಲ ಶುರುವಾಗುವುದು ಅಲ್ಲಿಂದಲೇ. ಮೊದಲ ಸಲ ನಾನು 11 ಲೀಟರ್ ಇಳಿಸಿದ್ದೆ. ಹೊಸದನ್ನು ಹೊಯ್ದರೆ 7 ಲೀಟರಿಗೇ ರೇಡಿಯೇಟರಿನ ಕತ್ತಿನವರೆಗೆ ಬಂದಿತು. ತುಂಬಿತಲ್ಲ ಎಂದು ಮುಚ್ಚಳ ಹಾಕಿ ಕೈತೊಳೆದುಕೊಂಡೆ. ಉಳಿದ 4 ಲೀಟರ್ ಜಾಗದಲ್ಲಿ ಇದ್ದದ್ದು ಗಾಳಿ ಎಂದು ಮರುದಿನ ದೇವಿಮನೆ ಘಟ್ಟದ ಮೂರನೆಯ ತಿರುವಿನಲ್ಲಿ ತಿಳಿಯಿತು.

ಇಳಿದ ದ್ರವ ತಿಳಿಯಾಗಿದ್ದರೆ ಒಂದು ಸಲ ತೊಳೆದರೆ ಸಾಕು. ಕಾಸಿದ ಜೋನಿಬೆಲ್ಲದ ಬಣ್ಣದಲ್ಲಿದ್ದರೆ ತುಕ್ಕು ಬಿಟ್ಟಿದೆ ಎಂದರ್ಥ. ಅಂಥದ್ದಕ್ಕೆ ನೀರು ತುಂಬಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ತಣಿಸಿ, ಇಳಿಸಿ. ನೀರು ತಿಳಿಯಾಗುವವರೆಗೂ ಹೀಗೆಯೇ ಮಾಡಿ. ಕೊನೆಯ ಸುತ್ತಿಗೆ ಮಾತ್ರ ಡಿಸ್ಟಿಲ್ಡ್ ವಾಟರನ್ನೇ ಬಳಸಿ, ಅದರಲ್ಲಿ ಒಂದಷ್ಟು ಒಳಗೆ ಉಳಿದೇ ಉಳಿಯುತ್ತದೆ. ರೇಡಿಯೇಟರಿನ ಹೊರಮೈಯನ್ನೂ ಮರೆಯಬೇಡಿ. ಜಾಲರಿಯಲ್ಲಿ ಸತ್ತ ಹುಳ, ಕೆಂಪು ಧೂಳು, ಉಪ್ಪು ತುಂಬಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

ಈ ಹಂತದಲ್ಲಿ ಒಂದು ಮಾತು. ನಮ್ಮೂರುಗಳಲ್ಲಿ ಗಾಡಿ ಬಿಸಿಯಾಗುತ್ತದೆ ಎಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಮೆಕ್ಯಾನಿಕ್ಕುಗಳು ಬಹಳ. ಅದು ಎಂಜಿನ್ ತಕ್ಕಷ್ಟು ಕಾಯುವವರೆಗೆ, ಸಾಮಾನ್ಯವಾಗಿ 82 ಡಿಗ್ರಿಯ ಸುಮಾರಿಗೆ, ರೇಡಿಯೇಟರಿನ ಬಾಗಿಲು ಮುಚ್ಚಿಟ್ಟಿರುವ ಕವಾಟ. ಕಿತ್ತರೆ ಎಂಜಿನ್ ಯಾವಾಗಲೂ ಅರೆಬಿಸಿಯಲ್ಲಿ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೀಟರ್ ಕಾಯುವುದೇ ಇಲ್ಲ. ಸಂಶಯ ಬಂದರೆ ತೆಗೆದು ಪಾತ್ರೆಯ ನೀರಿನಲ್ಲಿ ಕುದಿಸಿ ನೋಡಿ: ಬಾಯಿ ಬಿಟ್ಟರೆ ಸರಿ ಇದೆ. ಮರಳಿ ಕೂರಿಸುವಾಗ ಅದರ ಅಂಚಿನ ಚಿಕ್ಕ ತೂತು ಮೇಲಕ್ಕೆ ಇರಲಿ, ಗಾಳಿ ನುಸುಳಿ ಹೋಗಲಿ ಎಂದೇ ಆ ತೂತು.

ಹೊಯ್ಯುವ ಲೆಕ್ಕ

ಅರ್ಧ ಕೂಲೆಂಟ್, ಅರ್ಧ ನೀರು ಬಕೆಟ್ಟಿನಲ್ಲಿ ಕಲಸಿ ಹೊಯ್ಯಿರಿ ಎಂದು ಎಲ್ಲರೂ ಹೇಳುತ್ತಾರೆ. ತೊಳೆದ ಮೇಲೆ ಬ್ಲಾಕಿನ ಸಂದುಗಳಲ್ಲಿ ಎರಡು ಮೂರು ಲೀಟರ್ ನೀರು ಉಳಿದಿರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಹಾಗೆ ಕಲಸಿ ಹೊಯ್ದರೆ ಒಳಗಿನ ಮಿಶ್ರಣ ತೆಳುವಾಗುತ್ತದೆ. ಸರಿಯಾದ ಕ್ರಮ ಹೀಗೆ: ಗಾಡಿಯ ಒಟ್ಟು ಹಿಡಿತ ಎಷ್ಟೆಂದು ಪುಸ್ತಕದಲ್ಲಿ ನೋಡಿ. ಹಿಂದಿನ ಹೀಟರ್ ಇದ್ದರೆ ಅದರ ಹೋಸಿನ ಉದ್ದ ಅಳೆಯಿರಿ. ಒಳವ್ಯಾಸ 16 ಮಿಲಿಮೀಟರಿನ ಹೋಸು ಮೀಟರಿಗೆ 200 ಮಿಲಿಲೀಟರ್ ಹಿಡಿಯುತ್ತದೆ. ನನ್ನ ಗಾಡಿಗೆ 9.5 ಲೀಟರ್, ಹೋಗಿಬರುವ ಹೋಸು 10 ಮೀಟರಿಗೆ 2 ಲೀಟರ್, ಹೀಟರಿನ ಹೊಟ್ಟೆಗೆ ಅರ್ಧ ಲೀಟರ್, ಒಟ್ಟು 12. ಅದರ ಅರ್ಧ, 6 ಲೀಟರ್ ಮೂಲದ್ರವವನ್ನು ನೀರು ಬೆರೆಸದೆ ಮೊದಲು ಹೊಯ್ಯಬೇಕು. ಆಮೇಲೆ ತುಂಬುವವರೆಗೆ ಡಿಸ್ಟಿಲ್ಡ್ ವಾಟರ್. ಒಳಗೆ ಉಳಿದ ನೀರು ತಾನಾಗಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಬೆರೆಸಿಯೇ ಮಾರುವ ಕೂಲೆಂಟನ್ನು ಕೊಂಡವರಿಗೆ ಈ ಉಪಾಯ ನಡೆಯುವುದಿಲ್ಲ. ಅವರು ಬ್ಲಾಕಿನ ತಿರುಪು ಬಿಚ್ಚಿ ಪೂರ್ತಿ ಒಣಗಿಸಲೇಬೇಕು.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂದೇನೂ ಇಲ್ಲ. ಶಾಖ ಹೊತ್ತೊಯ್ಯುವುದರಲ್ಲಿ ಗ್ಲೈಕಾಲಿಗಿಂತ ನೀರೇ ಗಟ್ಟಿಗ. ಬರೀ ಗ್ಲೈಕಾಲ್ ಹೊಯ್ದ ಗಾಡಿ ಮೊದಲ ಘಟ್ಟದಲ್ಲೇ ಏದುಸಿರು ಬಿಡುತ್ತದೆ. ಚಳಿ ತಡೆಯುವುದರಲ್ಲೂ ಅದು ಹಿಂದೆ: ನೀರು ಬೆರೆಸದ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ.

ಗಾಳಿ ಬಿಡಿಸುವುದು

ಈಗ ಅಬ್ಬಿ ಪೈಪನ್ನು ನೆನಪಿಸಿಕೊಳ್ಳಿ. ರೇಡಿಯೇಟರಿನ ಕತ್ತೇ ಅಬ್ಬಿ. ಎಂಜಿನ್ನಿನ ನೆತ್ತಿ, ಮುಂದಿನ ಹೀಟರ್, ಹಿಂದಿನ ಹೀಟರ್ ಇವೆಲ್ಲ ದಿಬ್ಬಗಳು.

ಎರಡನೆಯ ಸಲ ನಾನು ಮಾಡಿದ ತಪ್ಪು ಇಲ್ಲಿಯೇ. ಗಾಳಿ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಹಿಂದಿನ ಹೀಟರಿನ ಗಾಳಿ ಬಿಡಿಸಲು ಗಾಡಿಯ ಹಿಂಭಾಗವನ್ನು ಮೇಲೆ ಮಾಡಬೇಕು ಎಂದು ಜಾಣತನದಿಂದ ಯೋಚಿಸಿ, ಗಾಡಿಯನ್ನು ಮೂತಿ ಕೆಳಗಾಗಿ ನಿಲ್ಲಿಸಿ ಹಿಂದಿನ ಹೀಟರಿನಲ್ಲಿ ಗಾಳಿ ಬಿಡಲೆಂದೇ ಇರುವ ತಿರುಪನ್ನು ಬಿಚ್ಚಿದೆ. ಗಾಳಿ ಹೊರಗೆ ಬರಲಿಲ್ಲ. ಸೊರ್ ಎಂದು ಒಳಕ್ಕೆ ಹೀರಿಕೊಂಡಿತು, ಮುಂದೆ ರೇಡಿಯೇಟರಿನ ಕತ್ತಿನಿಂದ ಹಸಿರು ಕೂಲೆಂಟ್ ಅಂಗಳಕ್ಕೆ ಹರಿಯಿತು. ದಿಬ್ಬವನ್ನು ಅಬ್ಬಿಗಿಂತ ಮೇಲೆ ಮಾಡಿದ್ದೆ. ಮನೆಯಲ್ಲಿ ಮಗು ಕೂಡ ಮಾಡದ ತಪ್ಪು.

ಹಾಗಾಗಿ ಮೂತಿ ಮೇಲಕ್ಕೆ. ಕೈಬ್ರೇಕ್ ಎಳೆದು, ನಾಲ್ಕೂ ಚಕ್ರಗಳಿಗೆ ಚಿರೆಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿನಲ್ಲಿಡಿ, ಎಂಜಿನ್ ಓಡಿಸುವುದಿದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ, ಅದರ ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ, ರೇಡಿಯೇಟರಿನ ಕತ್ತಿಗೆ ಬಿಗಿಯಾಗಿ ತುರುಕಿ ನಿಲ್ಲಿಸಿ. ಅಬ್ಬಿಯ ಎತ್ತರ ಇನ್ನೂ ಒಂದು ಅಡಿ ಏರಿತು. ಈಗ ಥರ್ಮೋಸ್ಟಾಟ್ ಗೂಡಿನ ಮೇಲೆ ಅಥವಾ ಹೀಟರಿನ ಹೋಸಿನಲ್ಲಿ ಗಾಳಿ ಬಿಡುವ ಚಿಕ್ಕ ತಿರುಪು ಇದ್ದರೆ ಅರ್ಧ ಸುತ್ತು ಸಡಿಲಿಸಿ, ಗಿಂಡಿಯಿಂದ ಎರೆದಂತೆ ಸಣ್ಣ ಧಾರೆಯಲ್ಲಿ ಹೊಯ್ಯುತ್ತಾ ಹೋಗಿ. ರಭಸವಾಗಿ ಸುರಿದರೆ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಮಧ್ಯೆ ಮಧ್ಯೆ ಮೇಲಿನ ದಪ್ಪ ಹೋಸನ್ನು ಹಾಲು ಹಿಂಡಿದಂತೆ ಒತ್ತಿ ಒತ್ತಿ ಬಿಡಿ. ಬುಳಕ್ ಬುಳಕ್ ಎಂದು ಗುಳ್ಳೆ ಏಳುತ್ತದೆ, ಮಟ್ಟ ಇಳಿಯುತ್ತದೆ. ತಿರುಪಿನಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಮುಚ್ಚಿ. ತಿರುಪು ಇಲ್ಲದ ಗಾಡಿಯಲ್ಲಿ ಅತಿ ಎತ್ತರದ ಹೀಟರ್ ಹೋಸನ್ನು ಸ್ವಲ್ಪ ಹೊರಕ್ಕೆ ಎಳೆದು ಅದೇ ಕೆಲಸ ಮಾಡಬಹುದು. ಬಳಿಕ ಹಿಂದಿನ ಹೀಟರ್. ಅದರ ತಿರುಪಿನ ಕೆಳಗೆ ಲೋಟ ಹಿಡಿದು ಸಡಿಲಿಸಿ. ಮೊದಲು ಬರೀ ಗಾಳಿ, ಆಮೇಲೆ ನೊರೆ, ಕೊನೆಗೆ ದ್ರವ. ಮುಂದೆ ಬಾಟಲಿ ಖಾಲಿಯಾಗದಂತೆ ಇನ್ನೊಬ್ಬರು ನೋಡುತ್ತಿರಬೇಕು. ಇಲ್ಲಿಯವರೆಗೆ ಎಂಜಿನ್ ಚಾಲೂ ಮಾಡಿಲ್ಲ ಎಂಬುದನ್ನು ಗಮನಿಸಿ.

ಈಗ ಚಾಲೂ ಮಾಡಿ. ಬಾಟಲಿ ಹಾಗೆಯೇ ಇರಲಿ, ಹೀಟರ್ ಪೂರ್ತಿ ಬಿಸಿಯಲ್ಲಿರಲಿ. ಹತ್ತು ಹದಿನೈದು ನಿಮಿಷ ಸಣ್ಣ ಗುಳ್ಳೆಗಳು ಮಾತ್ರ ಏಳುತ್ತವೆ. ರೇಡಿಯೇಟರಿನ ಕೆಳಗಿನ ಹೋಸನ್ನು ಆಗಾಗ ಮುಟ್ಟಿ ನೋಡಿ; ಫ್ಯಾನಿನಿಂದ ಕೈ ದೂರವಿರಲಿ. ತಣ್ಣಗಿದ್ದ ಹೋಸು ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಅದೇ ಹೊತ್ತಿಗೆ ದೊಡ್ಡ ಗುಳ್ಳೆಯೊಂದು ಎದ್ದು ಬಾಟಲಿಯ ಮಟ್ಟ ಧಡಕ್ಕನೆ ಕುಸಿಯುತ್ತದೆ. ಎಂಜಿನ್ನಿನ ನೆತ್ತಿಯಲ್ಲಿ ಕೂತಿದ್ದ ಗಾಳಿ ಅದು. ಮಟ್ಟ ತುಂಬಿಸಿ, ಎಂಜಿನ್ ವೇಗವನ್ನು ನಿಮಿಷಕ್ಕೆ 1500ರಿಂದ 2000 ಸುತ್ತಿಗೆ ಏರಿಸಿ ಎರಡು ಮೂರು ನಿಮಿಷ ಹಿಡಿಯಿರಿ. ಹಿಂದಿನ ಹೀಟರ್ ಇನ್ನೂ ತಣ್ಣಗಿದ್ದರೆ ಮುಂದಿನ ಹೀಟರಿನ ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಹಿಸುಕಿ ಹಿಡಿಯಿರಿ; ಹರಿವೆಲ್ಲ ಹಿಂದಕ್ಕೆ ತಿರುಗಿ ಗಾಳಿಯನ್ನು ತಳ್ಳುತ್ತದೆ. ಗಟ್ಟಿಯಾಗಿ ಒಣಗಿದ ಹಳೆಯ ಹೋಸಿಗೆ ಈ ಪ್ರಯೋಗ ಬೇಡ, ಸೀಳುತ್ತದೆ. ಎಂಜಿನ್ ಕಾದ ಮೇಲೆ ಗಾಳಿಯ ತಿರುಪುಗಳನ್ನೂ ಮುಟ್ಟಬೇಡಿ.

ಎಂಜಿನ್ ನಿಲ್ಲಿಸಿ ತಣಿಯಲು ಬಿಡಿ. ತಣಿದ ಮೇಲೆ ಬಾಟಲಿ ತೆಗೆದು ಮುಚ್ಚಳ ಹಾಕಿ, ಹಿಗ್ಗಿದ ಕೂಲೆಂಟ್ ಹೋಗಿ ಬರುವ ಬದಿಯ ಡಬ್ಬಿಯಲ್ಲಿ ಗುರುತಿನವರೆಗೆ ತುಂಬಿ. ಮುಂದಿನ ಒಂದೆರಡು ಸಲ ಕಾದು ತಣಿಯುವಾಗ ಉಳಿದ ಚೂರುಪಾರು ಗಾಳಿ ಅದರ ಮೂಲಕ ಹೊರಹೋಗುತ್ತದೆ. ಈಗ ಗೋಡೆಯ ಮೇಲಿನ ಅಂಕಿಗೆ ಬನ್ನಿ. ಒಳಗೆ ಉಳಿದಿದ್ದ ನೀರನ್ನೂ ಸೇರಿಸಿ ಲೆಕ್ಕ ಹೊಂದದಿದ್ದರೆ ಗಾಳಿ ಇನ್ನೂ ಇದೆ. ಡ್ಯಾಶ್‌ಬೋರ್ಡಿನ ಹಿಂದೆ ಕೊಡದಲ್ಲಿ ನೀರು ಅಲುಗಿದಂಥ ಸದ್ದು ಬರುತ್ತಿದ್ದರೂ ಅಷ್ಟೇ. ವೇಗ ಏರಿಸಿದಾಗ ಬಿಸಿಗಾಳಿ, ನಿಂತಾಗ ತಣ್ಣನೆಯ ಗಾಳಿ ಬೀಸುವ ಹೀಟರ್ ಹೇಳುವುದೂ ಅದನ್ನೇ. ಮೀಟರಿನ ಮುಳ್ಳನ್ನು ಮಾತ್ರ ಪೂರ್ತಿ ನಂಬಬೇಡಿ: ಶಾಖ ಅಳೆಯುವ ಸೆನ್ಸರ್ ಗಾಳಿಯ ಗುಳ್ಳೆಯಲ್ಲಿ ಕೂತಿದ್ದರೆ ಎಂಜಿನ್ ಉರಿಯುತ್ತಿದ್ದರೂ ಮುಳ್ಳು ಸಮಾಧಾನವಾಗಿ ಕೆಳಗೇ ಇರುತ್ತದೆ.

ಮೂರು ಸಲ ಮಾಡಿದರೂ ಗುಳ್ಳೆ ನಿಲ್ಲುತ್ತಿಲ್ಲವೇ? ಆಗ ಅದು ಹೊರಗಿನಿಂದ ಹೊಕ್ಕ ಗಾಳಿಯಾಗಿರಲಾರದು. ಎಂಜಿನ್ನಿನ ಬ್ಲಾಕಿಗೂ ಮೇಲಿನ ತಲೆಗೂ ನಡುವಿನ ಹಾಳೆ, ಹೆಡ್ ಗ್ಯಾಸ್ಕೆಟ್, ಸೀಳಿ ಉರಿಯುವ ಅನಿಲ ಕೂಲೆಂಟಿಗೆ ನುಗ್ಗುತ್ತಿರಬಹುದು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದೆಯೇ, ಸೈಲೆನ್ಸರಿನ ಬಿಳಿಹೊಗೆಗೆ ಸಿಹಿ ವಾಸನೆ ಇದೆಯೇ ನೋಡಿ. ಹೌದಾದರೆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಎಳೆದೊಯ್ಯುವ ಟ್ರೇಲರ್ ಮನೆಗಳವರಿಗೆ ಎರಡು ಮಾತು. ಯುರೋಪಿನ ಟ್ರೇಲರುಗಳಲ್ಲಿ ಸ್ವೀಡನ್ನಿನ ಆಲ್ಡೆ ಕಂಪನಿಯದರಂಥ ಬಿಸಿನೀರಿನ ವ್ಯವಸ್ಥೆ ಇರುತ್ತದೆ. ಗ್ಯಾಸಿನ ಬಾಯ್ಲರ್ ಗ್ಲೈಕಾಲ್ ಮಿಶ್ರಣವನ್ನು ಕಾಯಿಸುತ್ತದೆ, ಪಂಪು ಅದನ್ನು ಗೋಡೆಯಂಚಿನ ಕೊಳವೆಗಳಲ್ಲಿ ಸುತ್ತಿಸುತ್ತದೆ. ಅಲ್ಲಿ ಎಂಜಿನ್ ಇಲ್ಲ, ಉಳಿದ ಲೆಕ್ಕ ಇದೇ: ಹಿಗ್ಗುವ ದ್ರವದ ಟಾಕಿಯೇ ಅಬ್ಬಿ, ಕೊಳವೆ ಎತ್ತರಕ್ಕೆ ಏರಿದಲ್ಲೆಲ್ಲ ಗಾಳಿಯ ತಿರುಪು. ಬಾಯ್ಲರನ್ನೂ ಪಂಪನ್ನೂ ನಿಲ್ಲಿಸಿ ತಿರುಪುಗಳನ್ನು ಒಂದೊಂದಾಗಿ ಬಿಡಬೇಕು. ಬಳಿಕ ಪಂಪನ್ನು ಓಡಿಸುತ್ತಾ ಮೂತಿಯ ಚಿಕ್ಕ ಚಕ್ರದ ಜಾಕಿಯಿಂದ ಟ್ರೇಲರನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ ಗುಳ್ಳೆಗಳನ್ನು ಟಾಕಿಯ ಕಡೆಗೆ ಅಟ್ಟಬೇಕು.

ಹಳೆಯದನ್ನು ಏನು ಮಾಡುವುದು

ತೋಟಕ್ಕೆ, ಗಟಾರಕ್ಕೆ, ಹಳ್ಳಕ್ಕೆ ಖಂಡಿತ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ವಿಷ. ನಾಯಿ, ಬೆಕ್ಕು, ದನ ಆಸೆಯಿಂದ ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ವಯಸ್ಕ ಮನುಷ್ಯನಿಗೆ 100 ಮಿಲಿಲೀಟರಿನಷ್ಟು ಒಳಹೋದರೂ ಪ್ರಾಣಾಪಾಯ, ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಯಾರಾದರೂ ಕುಡಿದ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಇದಕ್ಕೆ ಮದ್ದು ಇದೆ, ಬೇಗ ಕೊಟ್ಟರೆ ಫಲಿಸುತ್ತದೆ. ಕೆಲಸದ ಹೊತ್ತಿಗೆ ನಾಯಿಯನ್ನು ಕಟ್ಟಿಹಾಕಿ. ಅಂಗಳಕ್ಕೆ ಚೆಲ್ಲಿದ್ದನ್ನು ಮರದ ಹೊಟ್ಟಿನಿಂದ ಹೀರಿಸಿ, ಗುಡಿಸಿ, ಆಮೇಲೆ ತೊಳೆಯಿರಿ. ಹಳೆಯದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಅದರ ಮೇಲೆ "ವಿಷ" ಎಂದು ದಪ್ಪಕ್ಷರದಲ್ಲಿ ಬರೆದು, ಬಳಸಿದ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ. ಕೋಕಂ ಶರಬತ್ತಿನ ಹಳೆಯ ಬಾಟಲಿಯಲ್ಲಿ ಮಾತ್ರ ಯಾವ ಕಾರಣಕ್ಕೂ ತುಂಬಿಡಬೇಡಿ.

ಘಟ್ಟದ ಪರೀಕ್ಷೆ

ಊರೊಳಗೆ ಹತ್ತು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ನಾನು ಕಾರವಾರದಿಂದ ಅಂಕೋಲಾಕ್ಕೆ ಹೋಗಿ, ಅಲ್ಲಿಂದ ಯಲ್ಲಾಪುರದ ಕಡೆಗೆ ತಿರುಗಿ ಅರೇಬೈಲ್ ಘಟ್ಟ ಹತ್ತುತ್ತೇನೆ. ಹುಬ್ಬಳ್ಳಿಗೆ ಹೋಗುವ ಭಾರದ ಲಾರಿಯೊಂದರ ಹಿಂದೆ ಬೇಕೆಂದೇ ಸಿಕ್ಕಿಕೊಳ್ಳುತ್ತೇನೆ. ಎರಡನೆಯ ಗೇರು, ಎದುರುಗಾಳಿ ಇಲ್ಲ, ಎಂಜಿನ್ ಪೂರ್ತಿ ಶ್ರಮದಲ್ಲಿರುತ್ತದೆ. ತಂಪು ಮಾಡುವ ವ್ಯವಸ್ಥೆಗೆ ಇದಕ್ಕಿಂತ ಕಠಿಣ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗದು. ಮುಳ್ಳು ಅರ್ಧ ದಾಟಿ ಏರತೊಡಗಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರಾಗಿ ಹಾಕಿ. ಒಳಗೆ ಕೂತವರು ಬೆವರಿ ಬೈಯುತ್ತಾರೆ, ಆದರೆ ಹೀಟರ್ ಎರಡನೆಯ ರೇಡಿಯೇಟರಾಗಿ ಎಂಜಿನ್ನಿನ ಶಾಖವನ್ನು ಎಳೆದು ಹೊರಹಾಕುತ್ತದೆ. ಹಾಗೂ ಏರುತ್ತಿದ್ದರೆ ಬದಿಗೆ ನಿಲ್ಲಿಸಿ, ಮುಳ್ಳು ಕೆಂಪಿಗೆ ತಲುಪಿರದಿದ್ದರೆ ಎಂಜಿನ್ನನ್ನು ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿ. ಮುಚ್ಚಳದ ತಂಟೆಗೆ ಹೋಗಬೇಡಿ.

ಮೇಲೆ ಹತ್ತಿ ಇಳಿದು ಬಂದ ರಾತ್ರಿ ಗಾಡಿಯ ಅಡಿಗೆ ಹಳೆಯ ಪತ್ರಿಕೆ ಹಾಸಿಡಿ. ಎಲ್ಲಿಂದ ತೊಟ್ಟಿಕ್ಕಿದರೂ ಬೆಳಿಗ್ಗೆ ಕಲೆ ಕಾಣುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಮಟ್ಟ ನೋಡಿ, ಕ್ಲಿಪ್ಪುಗಳನ್ನು ಇನ್ನೊಂದು ಸಲ ಬಿಗಿ ಮಾಡಿ. ಬಾನೆಟ್ಟಿನ ಒಳಮೈಗೆ ದಿನಾಂಕ, ಕೂಲೆಂಟಿನ ಬಗೆ, ಒಟ್ಟು ಲೀಟರ್ ಬರೆದ ಚೀಟಿ ಅಂಟಿಸಿ. ಕಳೆದ ಸಲ ನನ್ನ ಗಾಡಿ ಅರೇಬೈಲಿನ ಮರುದಿನ ಕಾಲು ಲೀಟರ್ ಹಿಡಿಯಿತು. ಮೂರನೆಯ ದಿನ ನೋಡಿದಾಗ ಮಟ್ಟ ಕತ್ತಿನವರೆಗೇ ಇತ್ತು.